ಟೋಕಿಯೋದಲ್ಲಿ ಹಳೆ ಜಾಝ್ ರೆಕಾರ್ಡುಗಳ ಬೇಟೆ: ಗುರುವಾರದಿಂದ ಮಂಗಳವಾರ

ಜಾಝ್ ಹುಟ್ಟಿ ಬೆಳೆದಿದ್ದು ಅಮೆರಿಕದಲ್ಲಿ. ಆದರೆ ಹಳೆ ಜಾಝ್ ರೆಕಾರ್ಡು ಒಳ್ಳೆ ಸ್ಥಿತಿಯಲ್ಲೂ ಇರಬೇಕು, ಕೈಗೆಟುಕುವ ಬೆಲೆಗೂ ಸಿಗಬೇಕು ಅಂದರೆ ಹೋಗಬೇಕಾದ ಊರು ಟೋಕಿಯೋ. 1961ರ ಜನವರಿಯಲ್ಲಿ ಡ್ರಮ್ ವಾದಕ ಆರ್ಟ್ ಬ್ಲೇಕಿ ತನ್ನ ಜಾಝ್ ಮೆಸೆಂಜರ್ಸ್ ತಂಡದೊಂದಿಗೆ ಜಪಾನಿಗೆ ಬಂದ ಮೇಲೆ ಅಲ್ಲಿ ಈ ಸಂಗೀತದ ಹುಚ್ಚು ಜೋರಾಗಿ ಹತ್ತಿತು. 1970ರ ದಶಕದಲ್ಲಿ ಜನರ ಕೈಯಲ್ಲಿ ದುಡ್ಡಾಡತೊಡಗಿದಾಗ ಕಿಂಗ್, ತೋಶಿಬಾ, ವಿಕ್ಟರ್, ಪಾಲಿಡೋರ್, ಸಿಬಿಎಸ್/ಸೋನಿ ಕಂಪನಿಗಳು ಅಮೆರಿಕದ ಲೇಬಲ್‌ಗಳಿಂದ (ರೆಕಾರ್ಡ್ ಕಂಪನಿಗಳಿಂದ) ಪರವಾನಗಿ ಪಡೆದು 1950-60ರ ದಶಕದ ಆಲ್ಬಮ್‌ಗಳನ್ನು ಮತ್ತೆ ಮತ್ತೆ ಒತ್ತಿದವು. ಕೊಂಡವರು ಜೋಪಾನವಾಗಿ ಇಟ್ಟುಕೊಂಡರು. ಆ ತಲೆಮಾರಿನ ಸಂಗ್ರಹಗಳು ಈಗ ಅಂಗಡಿಗೆ ಬರುತ್ತಿವೆ.

ಹೊರಡುವ ಮುಂಚೆಯೇ ಒಂದು ತೀರ್ಮಾನ ಮಾಡಿಕೊಂಡಿದ್ದೆವು: ದುಡ್ಡು ಸುರಿಯಬೇಕಾದ್ದು ತಟ್ಟೆಯ ಸ್ಥಿತಿಗೆ, ಅದರ ಅಪರೂಪಕ್ಕಲ್ಲ. ಮೊದಲ ಮುದ್ರಣವೇ ಬೇಕೆಂದು ಹಟ ಹಿಡಿದರೆ ಟೋಕಿಯೋದಲ್ಲೂ ನ್ಯೂಯಾರ್ಕಿನ ಬೆಲೆಯೇ. ಜಪಾನಿನಲ್ಲೇ ಒತ್ತಿದ ಪ್ರತಿಗಳತ್ತ ಕಣ್ಣು ಹಾಯಿಸಿದರೆ ಮಾತ್ರ ಅಗ್ಗದ ದಾರಿ ತೆರೆಯುತ್ತದೆ. ಲೆಕ್ಕಕ್ಕೆ 40,000 ಯೆನ್ ಇಟ್ಟುಕೊಳ್ಳಿ. 100 ಯೆನ್ ಎಂದರೆ ಈಚಿನ ವರ್ಷಗಳಲ್ಲಿ ಸುಮಾರು 55-60 ರೂಪಾಯಿ. ಸರಾಸರಿ 2,000 ಯೆನ್ನಿನ ಹದಿನೈದು ಜಪಾನೀ ಪ್ರತಿಗಳಿಗೆ 30,000 ಆಯಿತು. ಉಳಿದ 10,000ದಲ್ಲಿ ಒಂದು ಒಳ್ಳೆಯ ಅಮೆರಿಕನ್ ಪ್ರತಿ ಹಿಡಿಯಬಹುದು. ಯಾವುದು ಅನ್ನುವುದನ್ನು ಶುಕ್ರವಾರದ ಭಾಗದಲ್ಲಿ ಹೇಳುತ್ತೇವೆ.

ಹೋಗಲು ನವೆಂಬರ್ ಒಳ್ಳೆಯದು. ಹವೆ ಒಣಗಿರುತ್ತದೆ, ರಟ್ಟಿನ ಕವರ್ ತೇವ ಹೀರುವುದಿಲ್ಲ. ಜೂನ್‌ನಿಂದ ಜುಲೈ ಮಧ್ಯದವರೆಗೆ ಅಲ್ಲೂ ಮಳೆಗಾಲ, ಚೀಲ ಹೊತ್ತು ಅಂಗಡಿಯಿಂದ ಅಂಗಡಿಗೆ ಅಲೆಯುವುದು ಕಷ್ಟ.

ಗುರುವಾರ, ಒಚಾನೊಮಿಜು

ಬೆಂಗಳೂರಿನಿಂದ ನರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಊರೊಳಗೆ ಬಂದು ಕೋಣೆಗೆ ಪೆಟ್ಟಿಗೆ ಹಾಕಿ ಮೊದಲು ಹೋಗಬೇಕಾದ್ದು ಒಚಾನೊಮಿಜು. ನಿಲ್ದಾಣದಿಂದ ಇಳಿಜಾರಿನ ಉದ್ದಕ್ಕೂ ಗಿಟಾರ್ ಅಂಗಡಿಗಳು, ಅಲ್ಲೇ ಹತ್ತಿರದಲ್ಲಿ ಡಿಸ್ಕ್ ಯೂನಿಯನ್ ಎಂಬ ರೆಕಾರ್ಡ್ ಅಂಗಡಿ ಸರಪಳಿಯವರ ಜಾಝ್‌ಟೋಕಿಯೋ ಮಳಿಗೆ. ಅವರ ಲೆಕ್ಕದಲ್ಲಿ ಎರಡನೇ ಮಹಡಿ, ನಮ್ಮ ಲೆಕ್ಕದಲ್ಲಿ ಮೊದಲನೆಯದು. ರೆಕಾರ್ಡ್ ಅಂಗಡಿಗಳು ಬೆಳಗ್ಗೆ 11ಕ್ಕೆ ಮುಂಚೆ ಬಾಗಿಲು ತೆಗೆಯುವುದು ಅಪರೂಪ, ಬೇಗ ಎದ್ದು ಪ್ರಯೋಜನವಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ನೇರ ಹೊಸದಾಗಿ ಬಂದ ಮಾಲಿನ ಪೆಟ್ಟಿಗೆಗಳಿಗೆ ಹೋಗಬೇಕು. ಗೊತ್ತಿರುವ ಗಿರಾಕಿಗಳೆಲ್ಲ ಅಲ್ಲೇ ನಿಂತಿರುತ್ತಾರೆ. ಹಳೆ ಸಾಲುಗಳನ್ನು ಆಮೇಲೆ ನೋಡಬಹುದು, ಅವು ಎಲ್ಲೂ ಓಡಿಹೋಗುವುದಿಲ್ಲ. ಜಪಾನಿನ ಜಾಝ್ ಅಂಗಡಿಗಳಲ್ಲಿ ಕಲಾವಿದರನ್ನು ವಾದ್ಯದ ಪ್ರಕಾರ ವಿಂಗಡಿಸಿಡುವ ರೂಢಿಯಿದೆ. ಬಿಲ್ ಇವಾನ್ಸ್ ಬೇಕಿದ್ದರೆ ಪಿಯಾನೋ ಸಾಲು, ಸಾನಿ ರಾಲಿನ್ಸ್ ಬೇಕಿದ್ದರೆ ಟೆನರ್ ಸ್ಯಾಕ್ಸಫೋನ್ ಸಾಲು. ಸಾಲಿನೊಳಗೆ ಮತ್ತೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಯಾರು ಏನು ನುಡಿಸುತ್ತಾರೆ ಎಂಬುದು ಗೊತ್ತಿಲ್ಲದಿದ್ದರೆ ಅರ್ಧ ದಿನ ಹಾಳು.

ಪ್ರತಿ ರೆಕಾರ್ಡಿನ ಹೊರಚೀಲಕ್ಕೂ ಒಂದು ಸಣ್ಣ ಬೆಲೆಚೀಟಿ ಅಂಟಿರುತ್ತದೆ. ನಿಜವಾದ ಓದು ಇರುವುದೇ ಅದರಲ್ಲಿ. ತಟ್ಟೆಗೆ ಒಂದು ದರ್ಜೆ, ಕವರಿಗೆ ಇನ್ನೊಂದು, ಎ, ಬಿ, ಸಿ ಅಕ್ಷರಗಳಲ್ಲಿ. ಅದರ ಕೆಳಗೆ ಜಪಾನೀ ಲಿಪಿಯಲ್ಲಿ ಎರಡು ಮೂರು ಮಾತು: ಗೀರಿದೆ, ಬಾಗಿದೆ, ಕವರ್ ಮೇಲೆ ಕಲೆ, ಯಾರೋ ಹೆಸರು ಬರೆದಿದ್ದಾರೆ, ಇಂಥ ಹಾಡಿನಲ್ಲಿ ಚಟಪಟ ಸದ್ದಿದೆ, ಒಬಿ ಇದೆ ಅಥವಾ ಇಲ್ಲ. ಫೋನಿನ ಅನುವಾದ ಕ್ಯಾಮೆರಾ ಹಿಡಿದರೆ ತಿಳಿಯುತ್ತದೆ. ನಾಲ್ಕಾರು ಚೀಟಿ ಓದುವಷ್ಟರಲ್ಲಿ ಆ ಲಿಪಿಯ ಚಿಹ್ನೆಗಳು ಕಣ್ಣಿಗೆ ಪಳಗಿಬಿಡುತ್ತವೆ. ಇಲ್ಲಿನ ದರ್ಜೆ ಬಹಳ ಬಿಗಿ. ಅವರು ಬಿ ಎಂದು ಬರೆದದ್ದನ್ನು ಬೇರೆ ದೇಶಗಳಲ್ಲಿ 'ಬಹಳ ಚೆನ್ನಾಗಿದೆ' ಎಂದು ಮಾರುತ್ತಾರೆ. ಹಾಗಾಗಿ ಅಗ್ಗ ಹುಡುಕುವವರು ತಟ್ಟೆ ಬಿ ಇದ್ದು ಕವರ್ ಸಿ ಇರುವ ಪ್ರತಿಗಳನ್ನು ಬೇರೆ ತೆಗೆದಿಡಬೇಕು. ಕವರಿನ ಅಂಚು ಸವೆದದ್ದಕ್ಕೋ ಹೆಸರು ಬರೆದದ್ದಕ್ಕೋ ಬೆಲೆ ಸಾಕಷ್ಟು ಇಳಿದಿರುತ್ತದೆ, ಕೇಳುವ ಸಂಗೀತಕ್ಕೆ ಅದರಿಂದ ಏನೂ ಆಗಿರುವುದಿಲ್ಲ.

ಒಬಿ ಎಂದರೆ ಕವರಿನ ಎಡಬದಿಗೆ ಸುತ್ತಿದ ಉದ್ದನೆಯ ಕಾಗದದ ಪಟ್ಟಿ. ಹೆಸರು, ಬೆಲೆ, ಜಾಹೀರಾತು ಅದರ ಮೇಲಿರುತ್ತವೆ. ಅದಿದ್ದರೆ ಬೆಲೆ 500ರಿಂದ 2,000 ಯೆನ್ ಏರುವುದು ಮಾಮೂಲು, ಅಪರೂಪದ್ದಾದರೆ ಇನ್ನೂ ಹೆಚ್ಚು. ಮುಂದೆ ಮಾರುವ ಉದ್ದೇಶವಿದ್ದರೆ ಒಬಿಗೆ ದುಡ್ಡು ಕೊಡಿ. ಕೇಳುವುದಕ್ಕಾದರೆ ಒಬಿ ಇಲ್ಲದ್ದನ್ನೇ ತೆಗೆದುಕೊಳ್ಳಿ. ಒಳಗಿನ ವಿವರದ ಹಾಳೆ ಇದೆಯೇ ಎಂದು ಮಾತ್ರ ನೋಡಿ. ಯಾವ ದಿನ ಯಾವ ಸ್ಟುಡಿಯೋದಲ್ಲಿ ಯಾರು ನುಡಿಸಿದರು ಎಂಬ ಪಟ್ಟಿಯನ್ನು ಜಪಾನೀ ಪ್ರತಿಗಳು ಬಹಳ ಶ್ರದ್ಧೆಯಿಂದ ಕೊಡುತ್ತವೆ.

ಹೊರಚೀಲದ ಬಾಯಿಗೆ ಅಂಟುಪಟ್ಟಿ ಇರುತ್ತದೆ. ಅದನ್ನು ಬಿಚ್ಚಿ ಹಾಗೇ ಬಿಟ್ಟು ಕವರ್ ಹೊರಗೆಳೆದರೆ ಅಂಟು ಕವರಿನ ಮುಖಕ್ಕೆ ತಾಗಿ ಕಾಗದವನ್ನೇ ಕಿತ್ತುಬಿಡುತ್ತದೆ. ಬಾಯಿಯನ್ನು ಪೂರ್ತಿ ಹಿಂದಕ್ಕೆ ಮಡಿಸಿ, ಅಂಟನ್ನು ಚೀಲದ ಬೆನ್ನಿಗೇ ಒತ್ತಿ, ಆಮೇಲೆ ಎಳೆಯಬೇಕು. ಅದಕ್ಕೂ ಮುಂಚೆ ಅಂಗಡಿಯವರಿಗೆ ತೋರಿಸಿ ಒಪ್ಪಿಗೆ ಕೇಳುವುದು ಅಲ್ಲಿನ ಮರ್ಯಾದೆ. ಬಹಳಷ್ಟು ಕಡೆ ತಟ್ಟೆಯನ್ನು ಅವರೇ ತೆಗೆದು ತೋರಿಸುತ್ತಾರೆ, ಕೆಲವು ಕಡೆ ಕೇಳಿಸಲು ಪ್ಲೇಯರ್ ಕೂಡ ಇರುತ್ತದೆ.

ತಟ್ಟೆ ಕೈಗೆ ಬಂದಾಗ ಎರಡು ಅಂಗೈಗಳ ನಡುವೆ ಅಂಚು ಹಿಡಿದು ದೀಪದ ಕೆಳಗೆ ಓರೆಯಾಗಿ ತಿರುಗಿಸಬೇಕು. ತಟ್ಟೆಗೆ ಅಡ್ಡಲಾಗಿ ಹೋದ ಕೂದಲೆಳೆಯ ಗೀರು ಅಂಥ ಅಪಾಯವಲ್ಲ, ಒಂದು ಸುತ್ತಿಗೆ ಒಂದು 'ಟಕ್' ಅಷ್ಟೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಹಾಗಾಗಿ ಗೀರು ಎಷ್ಟು ಅಗಲದ ಪಟ್ಟಿಯನ್ನು ದಾಟಿದೆ ಎಂಬುದರ ಮೇಲೆ ಆ ಟಕ್ ಸದ್ದು ಎಷ್ಟು ಹೊತ್ತು ಕಾಡುತ್ತದೆ ಎಂದು ಅಂದಾಜಿಸಬಹುದು. ಸೂಜಿ ಓಡುವ ಗೆರೆಯ ಜೊತೆಜೊತೆಗೇ ಸಾಗುವ ಗೀರು ಕೆಟ್ಟದ್ದು. ಸೂಜಿ ಅದರಲ್ಲಿ ಸಿಕ್ಕಿ ಮುಂದೆ ಹಾರುತ್ತದೆ, ಇಲ್ಲವೇ ಅಲ್ಲೇ ಸುತ್ತುತ್ತದೆ. ಗೀರೇ ಇಲ್ಲದೆ ಗೆರೆಗಳು ಮಸುಕು ಬೂದಿಬಣ್ಣಕ್ಕೆ ತಿರುಗಿದ್ದರೆ ಇನ್ನೂ ಕೆಟ್ಟದ್ದು. ಭಾರದ ಸೂಜಿ ಹಾಕಿ ತಿಕ್ಕಿ ತಿಕ್ಕಿ ಗೆರೆಯ ಗೋಡೆಯನ್ನೇ ಸವೆಸಿದ್ದಾರೆ ಎಂದರ್ಥ. ಸ್ಯಾಕ್ಸಫೋನ್ ಏರುದನಿಗೆ ಹೋದಾಗ ಒಡೆದ ಸದ್ದು ಕೇಳುತ್ತದೆ, ಯಾವ ತೊಳೆತಕ್ಕೂ ಹೋಗುವುದಿಲ್ಲ. ತಟ್ಟೆಯ ನಡುವೆ ಅಂಟಿಸಿದ ಲೇಬಲಿಗೆ ಹತ್ತಿರದ ಕೊನೆಯ ಹಾಡಿನಲ್ಲಿ ಇದು ಮೊದಲು ತಿಳಿಯುತ್ತದೆ. ಕೇಳಿ ನೋಡಲು ಅವಕಾಶ ಸಿಕ್ಕರೆ ಮೊದಲ ಹಾಡು ಬಿಟ್ಟು ಕೊನೆಯ ಹಾಡಿಗೆ ಸೂಜಿ ಇಡಲು ಹೇಳಿ.

ಜಪಾನಿನ ಸಂಗ್ರಹಗಳಲ್ಲಿ ಇನ್ನೊಂದು ರೋಗ ಕಾಣುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲಿ ದಶಕಗಟ್ಟಲೆ ಇಟ್ಟ ತಟ್ಟೆಯ ಮೇಲೆ ಹಾಲು ಚೆಲ್ಲಿದಂತೆ ಮಬ್ಬು ಹಬ್ಬಿರುತ್ತದೆ. ಚೀಲದ ಪ್ಲಾಸ್ಟಿಕ್‌ನಲ್ಲಿದ್ದ ರಾಸಾಯನಿಕ ಹೊರಬಂದು ತಟ್ಟೆಯ ಮೈಯನ್ನೇ ತಿಂದಿರುತ್ತದೆ. ನೋಡಲು ಧೂಳಿನಂತೆ ಕಾಣುತ್ತದೆ, ಒರೆಸಿದರೆ ಹೋಗುವುದಿಲ್ಲ, ನುಡಿಸಿದರೆ ಉದ್ದಕ್ಕೂ 'ಸ್ಸ್' ಎಂಬ ಸದ್ದು. ಅಂಥದ್ದನ್ನು ಎಷ್ಟೇ ಅಗ್ಗವಿದ್ದರೂ ವಾಪಸ್ ಇಡಿ.

ಚೌಕಾಸಿ ಇಲ್ಲಿ ನಡೆಯುವುದಿಲ್ಲ, ಕೇಳಲೂಬಾರದು. ಅದರ ಬದಲು ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಪ್ರವಾಸಿಗರಿಗೆ ಶೇ. 10ರ ತೆರಿಗೆ ವಿನಾಯಿತಿ ಇರುವ ಅಂಗಡಿಗಳಲ್ಲಿ ಒಂದೇ ದಿನ 5,000 ಯೆನ್ನಿಗೆ ಮೇಲ್ಪಟ್ಟು ಕೊಂಡರೆ ಲಾಭ. ಅಲ್ಲೇ ಕಡಿತ ಮಾಡುತ್ತಾರೋ ವಿಮಾನ ನಿಲ್ದಾಣದಲ್ಲಿ ವಾಪಸ್ ಕೊಡುತ್ತಾರೋ ಎಂಬ ನಿಯಮ ಬದಲಾಗುವ ಹಂತದಲ್ಲಿದೆ, ಬಿಲ್ ಮಾಡಿಸುವ ಮುಂಚೆ ಕೇಳಿಕೊಳ್ಳಿ. ಅಲ್ಲೊಂದು ಇಲ್ಲೊಂದು ಕೊಳ್ಳುವ ಬದಲು ಒಂದೇ ಅಂಗಡಿಯಲ್ಲಿ ಮೂರು ನಾಲ್ಕು ಒಟ್ಟಿಗೆ ತೆಗೆದುಕೊಳ್ಳುವುದು ಜಾಣತನ.

ಗುರುವಾರ ಹುಡುಕಿದ್ದು ಬಹುಪಾಲು ವಿಕ್ಟರ್ ಕಂಪನಿ ಒತ್ತಿದ ರಿವರ್‌ಸೈಡ್ ಮತ್ತು ಪ್ರೆಸ್ಟೀಜ್ ಎಂಬ ಅಮೆರಿಕನ್ ಲೇಬಲ್‌ಗಳ ಆಲ್ಬಮ್‌ಗಳನ್ನು. ಕವರಿನ ಬೆನ್ನಿನ ಮೇಲೆ 'ಎಸ್‌ಎಂಜೆ' ಅಥವಾ 'ವಿಐಜೆ' ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಬಿಲ್ ಇವಾನ್ಸ್ ಟ್ರಿಯೋ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬಿನಲ್ಲಿ ನುಡಿಸಿದ ಕಛೇರಿಯ ರೆಕಾರ್ಡುಗಳು ಈ ಸಾಲಿನಲ್ಲಿ ಯಾವಾಗಲೂ ಇರುತ್ತವೆ. ಆ ತಂಡದ ಬಾಸ್ ವಾದಕ ಸ್ಕಾಟ್ ಲಫಾರೋ ಅದಾದ ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡ. ಅಮೆರಿಕನ್ ಮೊದಲ ಮುದ್ರಣ ದುಬಾರಿ. ವಿಕ್ಟರ್ ಪ್ರತಿಗೆ 1,000ದಿಂದ 2,500 ಯೆನ್. ಮೆಲ್ಲನೆ ನುಡಿಸುವ ಪಿಯಾನೋ ಸಂಗೀತಕ್ಕೆ ಸದ್ದಿಲ್ಲದ ತಟ್ಟೆ ಬಹಳ ಮುಖ್ಯ. ಇಲ್ಲಂತೂ ಜಪಾನೀ ಪ್ರತಿಯೇ ಮೇಲು ಎಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಇಳಿಜಾರು ಇಳಿದರೆ ಜಿಂಬೋಚೋ, ಹಳೆ ಪುಸ್ತಕದ ಅಂಗಡಿಗಳ ಪೇಟೆ. 78 ವೇಗದ ಅರಗಿನ ತಟ್ಟೆ ಬೇಕಿದ್ದವರು ಅಲ್ಲಿ ಹುಡುಕಬಹುದು. ಅವು ಭಾರ, ಬಿದ್ದರೆ ಚೂರು. ವಿಮಾನದಲ್ಲಿ ತರುವ ಆಸೆ ಬೇಡ ಎಂಬುದು ನಮ್ಮ ಸಲಹೆ.

ಶುಕ್ರವಾರ, ಶಿಂಜುಕು

ಶಿಂಜುಕು ಬ್ಲೂ ನೋಟ್ ದಿನ. ಡಿಸ್ಕ್ ಯೂನಿಯನ್‌ನ ಜಾಝ್ ವಿಭಾಗ ಇಲ್ಲೂ ದೊಡ್ಡದು, ಗೋಡೆಯ ಮೇಲೆ ಮೊದಲ ಮುದ್ರಣಗಳನ್ನು ತೂಗುಹಾಕಿರುತ್ತಾರೆ. ಕೊಳ್ಳದಿದ್ದರೂ ಅವನ್ನು ನೋಡಿ ಕಲಿಯಬೇಕು.

ಆಲ್ಫ್ರೆಡ್ ಲಯನ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಬ್ಲೂ ನೋಟ್ ಕಂಪನಿ ಆಗಾಗ ಜಾಗ ಬದಲಿಸಿತು. ಲೇಬಲ್ ಮೇಲಿನ ವಿಳಾಸವೂ ಜೊತೆಗೆ ಬದಲಾಯಿತು. ಕಾಲ ಹಿಡಿಯುವುದು ಅದರಿಂದಲೇ. '767 ಲೆಕ್ಸಿಂಗ್ಟನ್ ಅವೆನ್ಯೂ' ಅತಿ ಹಳೆಯದು. 1957ರಿಂದ '47 ವೆಸ್ಟ್ 63ನೇ ಬೀದಿ'. 1962ರ ಸುಮಾರಿಗೆ ಬರೀ 'ನ್ಯೂಯಾರ್ಕ್ ಯುಎಸ್‌ಎ'. ಕಂಪನಿಯನ್ನು ಲಿಬರ್ಟಿ ಎಂಬ ಇನ್ನೊಂದು ರೆಕಾರ್ಡ್ ಕಂಪನಿಗೆ ಮಾರಿದ ಮೇಲೆ ಲೇಬಲ್‌ನ ಅಂಚಿಗೆ ಲಿಬರ್ಟಿಯ ಹೆಸರು ಬಂತು.

ವಿಳಾಸ ಅರ್ಧ ಕಥೆ ಮಾತ್ರ. ಉಳಿದರ್ಧ ಇರುವುದು ಹಾಡಿನ ಗೆರೆಗಳು ಮುಗಿದು ಲೇಬಲ್ ಶುರುವಾಗುವ ಮುಂಚಿನ ನುಣುಪು ಪಟ್ಟಿಯಲ್ಲಿ. ಅದನ್ನು ರನ್‌ಔಟ್ ಅನ್ನುತ್ತಾರೆ. ಸಣ್ಣ ಟಾರ್ಚು ಬೇಕು, ಬೆಳಕು ಪಕ್ಕದಿಂದ ಬೀಳಬೇಕು. ಅಲ್ಲಿ ಕೈಬರಹದ ಇಂಗ್ಲಿಷ್ 'ಪಿ'ಯಂಥ, ಕಿವಿಯಾಕಾರದ ಗುರುತೊಂದು ಕಂಡರೆ ಅದು ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಿದ್ದು. 1966ರವರೆಗೆ ಬ್ಲೂ ನೋಟ್ ಒತ್ತಿಸಿದ್ದು ಅಲ್ಲಿಯೇ. ಸಂಗ್ರಾಹಕರು ಇದನ್ನು 'ಕಿವಿ' ಎಂದೇ ಕರೆಯುತ್ತಾರೆ. ಪಕ್ಕದಲ್ಲಿ 'ಆರ್‌ವಿಜಿ' ಅಥವಾ 'ವ್ಯಾನ್ ಗೆಲ್ಡರ್' ಎಂದಿದ್ದರೆ ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ತಾನೇ ಕತ್ತರಿಸಿದ ಮೂಲ ತಟ್ಟೆಯಿಂದ ಬಂದದ್ದು. 1959ರ ಮಧ್ಯದವರೆಗೆ ಆತ ಮುದ್ರಿಸುತ್ತಿದ್ದುದು ಹ್ಯಾಕೆನ್‌ಸಾಕ್‌ನಲ್ಲಿದ್ದ ತಂದೆತಾಯಿಯ ಮನೆಯ ಹಜಾರದಲ್ಲಿ. ಆಮೇಲೆ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದ.

ಜನ ಎಡವುವುದು ಇಲ್ಲಿ. ಲಿಬರ್ಟಿಯವರು ಕಂಪನಿ ಕೊಂಡಾಗ ಹಳೆಯ 'ನ್ಯೂಯಾರ್ಕ್ ಯುಎಸ್‌ಎ' ಲೇಬಲ್‌ಗಳು ಇನ್ನೂ ಉಳಿದಿದ್ದವು, ಅವನ್ನೇ ಅಂಟಿಸಿ ಬೇರೆ ಕಾರ್ಖಾನೆಗಳಲ್ಲಿ ಒತ್ತಿದರು. ಲೇಬಲ್ ನೋಡಿದರೆ ಹಳೆಯದು, ರನ್‌ಔಟ್ ನೋಡಿದರೆ ಕಿವಿಯೇ ಇಲ್ಲ. ಕಿವಿ ಇಲ್ಲದ್ದನ್ನು ಮೊದಲ ಮುದ್ರಣದ ಬೆಲೆಗೆ ಕೊಂಡರೆ ದುಡ್ಡು ಹೋಯಿತೆಂದೇ ಲೆಕ್ಕ. ಆದರೆ ಇದೇ ತಿಳಿವಳಿಕೆಯನ್ನು ತಿರುಗಿಸಿ ಹಿಡಿದರೆ ಲಾಭವಿದೆ. ಕಿವಿ ಇಲ್ಲ, ಆದರೆ 'ವ್ಯಾನ್ ಗೆಲ್ಡರ್' ಮುದ್ರೆ ಇದೆ ಎಂದರೆ ಆತನೇ ಕತ್ತರಿಸಿದ ಧ್ವನಿ ಅದರಲ್ಲಿದೆ, ಬೆಲೆ ಮಾತ್ರ ಬಹಳ ಕಡಿಮೆ. ಮೊದಲೇ ಹೇಳಿದ 10,000 ಯೆನ್ ಖರ್ಚು ಮಾಡಬೇಕಾದ್ದು ಇಂಥ ಲಿಬರ್ಟಿ ಕಾಲದ ಪ್ರತಿಗೆ. ತಟ್ಟೆ ಬಿ ದರ್ಜೆಗಿಂತ ಕೆಳಗಿದ್ದರೆ ಬೇಡ.

ಗೋಡೆಯ ಮೇಲಿನ ರೆಕಾರ್ಡುಗಳಲ್ಲಿ ಪಿಯಾನೋ ವಾದಕ ಸಾನಿ ಕ್ಲಾರ್ಕ್‌ನ 1588 ಸಂಖ್ಯೆಯ ಆಲ್ಬಮ್ ಸಿಕ್ಕರೆ ನಿಂತು ನೋಡಿ. 1958ರ ಜನವರಿ 5ರಂದು ಮುದ್ರಣವಾದ ಇದನ್ನು ಜಪಾನೀಯರು ಅಮೆರಿಕದವರಿಗಿಂತ ಹೆಚ್ಚು ಹಚ್ಚಿಕೊಂಡಿದ್ದಾರೆ, ಕವರಿನ ಮೇಲಿನ ಹೆಂಗಸಿನ ಕಾಲುಗಳ ಚಿತ್ರ ಅಲ್ಲಿ ಎಲ್ಲರಿಗೂ ಗೊತ್ತು. ಮೊದಲ ಮುದ್ರಣ ಲಕ್ಷಗಟ್ಟಲೆ ಯೆನ್ ಬಾಳುತ್ತದೆ. ಕಿಂಗ್ ಕಂಪನಿಯ ಪ್ರತಿಗೆ ಕೆಲವು ಸಾವಿರ.

ಕಿಂಗ್‌ನವರು ಬ್ಲೂ ನೋಟ್ ಒತ್ತಿದ್ದು 1970ರ ದಶಕದ ಕೊನೆಯಿಂದ 1983ರವರೆಗೆ. ಅದರ ಹಿಂದೆಯೂ ಮುಂದೆಯೂ ತೋಶಿಬಾ. ಕಿಂಗ್ ಸಂಖ್ಯೆಗಳು 'ಜಿಎಕ್ಸ್‌ಕೆ' ಎಂದು ಶುರು. ತೋಶಿಬಾದಲ್ಲಿ 1970ರ ದಶಕದ್ದು 'ಎಲ್‌ಎನ್‌ಜೆ', 1980ರ ದಶಕದ್ದು 'ಬಿಎನ್‌ಜೆ'. ಎರಡರಲ್ಲಿ ಕಿಂಗ್‌ಗೇ ನಮ್ಮ ಒಲವು, ಡ್ರಮ್ಮು ಮತ್ತು ಟ್ರಂಪೆಟ್ ಮುಂದೆ ಬಂದು ನಿಲ್ಲುತ್ತವೆ. ಅಂಗಡಿಯವರಿಗೂ ಅದು ಗೊತ್ತು, ಬೆಲೆ 1,000 ಯೆನ್ ಹೆಚ್ಚೇ ಇರುತ್ತದೆ. ಬೆಲೆ ಮುಖ್ಯವಾದರೆ ತೋಶಿಬಾ ಸಾಕು. 'ಜಿಎಕ್ಸ್‌ಎಫ್ 3000' ಸರಣಿ ಕಂಡರೆ ಬಿಡಬೇಡಿ. ಅಮೆರಿಕದಲ್ಲಿ ಹೊರಬರದೆ ಉಳಿದಿದ್ದ ಟೇಪುಗಳಿಂದ ಜಪಾನಿನಲ್ಲೇ ಮೊದಲು ಹೊರಬಂದ ಆಲ್ಬಮ್‌ಗಳು ಅದರಲ್ಲಿವೆ. ಅಂದರೆ ಆ ಸಂಗೀತಕ್ಕೆ ಜಪಾನೀ ಪ್ರತಿಯೇ ಮೊದಲ ಮುದ್ರಣ.

ಕಿಂಗ್ ಪ್ರತಿಗಳ ಲೇಬಲ್ ಹಳೆಯ ಅಮೆರಿಕನ್ ಲೇಬಲ್‌ನಂತೆಯೇ ಕಾಣುತ್ತದೆ. ಒಬಿ ಮತ್ತು ವಿವರದ ಹಾಳೆ ಕಳೆದುಹೋದ ಪ್ರತಿಯನ್ನು ಬೇರೆ ದೇಶದಲ್ಲಿ ಮೊದಲ ಮುದ್ರಣವೆಂದು ಮಾರುವವರಿದ್ದಾರೆ. ರನ್‌ಔಟ್‌ನಲ್ಲಿ ಜಪಾನೀ ಸಂಖ್ಯೆ ಇದೆಯೇ ನೋಡಿದರೆ ಒಂದು ನಿಮಿಷದಲ್ಲಿ ತೀರ್ಮಾನ.

ಅಮೆರಿಕದ ಕೊಲಂಬಿಯಾ ಕಂಪನಿಯ ಲೇಬಲ್‌ಗೆ ಗುರುತು ಬೇರೆ. 1950ರ ದಶಕದ ಮಧ್ಯದಿಂದ 1962ರವರೆಗೆ ಲೇಬಲ್‌ನ ಎಡಬಲಕ್ಕೆ ಮೂರು ಮೂರು ಕಣ್ಣಿನ ಚಿತ್ರ, ಆಮೇಲೆ ಒಂದೊಂದೇ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರಲ್ಲಿ ಹೊರತಂದ ಪ್ರಸಿದ್ಧ 'ಕೈಂಡ್ ಆಫ್ ಬ್ಲೂ'ನ ಹಳೆ ಪ್ರತಿ ಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಮುದ್ರಣದ ದಿನ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ಹಾಗಾಗಿ ಮೊದಲ ಬದಿಯ ಮೂರು ಹಾಡುಗಳು ಹಳೆಯ ಎಲ್ಲ ಎಲ್‌ಪಿಗಳಲ್ಲೂ ನಿಜವಾದ ಶ್ರುತಿಗಿಂತ ಸ್ವಲ್ಪ ಮೇಲಿವೆ. ತಿದ್ದಿದ್ದು 1992ರಲ್ಲಿ. ರೆಕಾರ್ಡಿನ ಜೊತೆಜೊತೆಗೆ ವಾದ್ಯ ನುಡಿಸುವವರಿಗೆ ಇದು ಕಿವಿಗೆ ಹೊಡೆಯುತ್ತದೆ. ಅವರು 1992ರ ನಂತರದ ಮುದ್ರಣ ಕೊಳ್ಳುವುದೇ ಸರಿ.

ಸಂಜೆ ಒಂದು ಜಾಝ್ ಕಿಸ್ಸಾ. ಆಮದು ಎಲ್‌ಪಿಯ ಬೆಲೆ ವಿದ್ಯಾರ್ಥಿಗಳ ಕೈಗೆಟುಕದಿದ್ದ ಕಾಲದಲ್ಲಿ ಒಂದು ಕಾಫಿಯ ದುಡ್ಡಿಗೆ ಗಂಟೆಗಟ್ಟಲೆ ಹೊಸ ರೆಕಾರ್ಡು ಕೇಳಲು ಹುಟ್ಟಿಕೊಂಡ ಕಾಫಿ ಅಂಗಡಿಗಳಿವು. ಯೊತ್ಸುಯಾದಲ್ಲಿರುವ 'ಈಗಲ್' 1967ರದು. ಹಳೆ ಪದ್ಧತಿಯ ಕಿಸ್ಸಾಗಳಲ್ಲಿ ಮಾತಾಡುವಂತಿಲ್ಲ. ನುಡಿಯುತ್ತಿರುವ ಆಲ್ಬಮ್‌ನ ಕವರನ್ನು ಎಲ್ಲರಿಗೂ ಕಾಣುವಂತೆ ಇಟ್ಟಿರುತ್ತಾರೆ. ಇಷ್ಟವಾದದ್ದರ ಸಂಖ್ಯೆ ಬರೆದುಕೊಂಡರೆ ಮರುದಿನದ ಹುಡುಕಾಟದ ಪಟ್ಟಿ ಸಿದ್ಧ.

ಶನಿವಾರ, ಚುಓ ಲೈನ್

ವಾರಾಂತ್ಯದ ಬೆಳಗ್ಗೆ ದೊಡ್ಡ ಅಂಗಡಿಗಳಲ್ಲಿ ಮೊದಲ ಮುದ್ರಣಗಳ ವಿಶೇಷ ಮಾರಾಟ ಇರುತ್ತದೆ, ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ, ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಂತಿರುತ್ತದೆ. ಬೆಲೆ ಪೇಟೆಯ ಬೆಲೆಯೇ. ಅಗ್ಗ ಬೇಕಾದವರು ಆ ಹೊತ್ತಿನಲ್ಲಿ ಊರ ಪಶ್ಚಿಮಕ್ಕೆ ಹೋಗಬೇಕು.

ಕಿತ್ತಳೆ ಪಟ್ಟಿಯ ಚುಓ ರ‍್ಯಾಪಿಡ್ ರೈಲು ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಕೋಎಂಜಿ, ಅಸಗಾಯಾ, ನಿಶಿ-ಓಗಿಕುಬೊಗಳಲ್ಲಿ ನಿಲ್ಲುವುದಿಲ್ಲ. ಸಣ್ಣ ಅಂಗಡಿಗಳು ಇರುವುದು ಅಲ್ಲೇ. ಹಳದಿ ಪಟ್ಟಿಯ ಲೋಕಲ್ ಹತ್ತಬೇಕು. ಕಿಚಿಜೋಜಿಗೆ ಎರಡೂ ನಿಲ್ಲುತ್ತವೆ.

ಈ ದಾರಿಯಲ್ಲಿ ಹುಡುಕಿದ್ದು ಜಪಾನಿನವರೇ ನುಡಿಸಿದ ಜಾಝ್. 1970ರಲ್ಲಿ ಹುಟ್ಟಿದ ಥ್ರೀ ಬ್ಲೈಂಡ್ ಮೈಸ್ ಲೇಬಲ್ ಧ್ವನಿಯ ಗುಣಮಟ್ಟಕ್ಕೆ ಹೆಸರುವಾಸಿ. ಸಂಖ್ಯೆ 'ಟಿಬಿಎಂ' ಎಂದು ಶುರು. ಇಸಾವೊ ಸುಝುಕಿ, ತ್ಸುಯೋಶಿ ಯಮಾಮೊಟೊ ಅವರ 1973-74ರ ಆಲ್ಬಮ್‌ಗಳಿಗೆ ಈಗ ಜಗತ್ತಿನಾದ್ಯಂತ ಬೇಡಿಕೆ, ಮೂಲ ಮುದ್ರಣ ಅಗ್ಗಕ್ಕೆ ಸಿಗುವ ಕಾಲ ಮುಗಿದಿದೆ. ಅದೇ ಲೇಬಲ್‌ನ ಅಷ್ಟು ಹೆಸರಾಗದ ಕಲಾವಿದರು ಇನ್ನೂ ಕೈಗೆಟುಕುತ್ತಾರೆ. ಬಿಳಿ ಲೇಬಲ್‌ನ 'ಮಾದರಿ ಪ್ರತಿ'ಗಳೂ ಕಣ್ಣಿಗೆ ಬೀಳುತ್ತವೆ. ರೇಡಿಯೋಗೆ, ಅಂಗಡಿಗಳಿಗೆ ಬಿಟ್ಟಿ ಹಂಚಿದವು. ಅಚ್ಚು ಹೊಸದಿದ್ದಾಗ ಒತ್ತಿದ್ದರಿಂದ ಸದ್ದು ಚೆನ್ನಾಗಿರುವುದುಂಟು, ಆದರೂ ಅದಕ್ಕಾಗಿ ಎರಡು ಪಟ್ಟು ಕೊಡುವುದು ನಮಗೆ ಸರಿ ಕಾಣುವುದಿಲ್ಲ.

ಆಲ್ಟೋ ಸ್ಯಾಕ್ಸಫೋನ್ ಸಾಲಿನಲ್ಲಿ ಚಾರ್ಲಿ ಮರಿಯಾನೋ ಹೆಸರಿನ ಹಿಂದೆ ಕನ್ನಡಿಗರು ತಪ್ಪದೆ ಕೈಯಾಡಿಸಬೇಕು. ಬಾಸ್ಟನ್ನಿನ ಈತ ಪಿಯಾನೋ ವಾದಕಿ ತೋಶಿಕೊ ಅಕಿಯೋಶಿಯನ್ನು ಮದುವೆಯಾಗಿದ್ದ, ಜಪಾನಿನಲ್ಲಿ ಸ್ಯಾಕ್ಸಫೋನ್ ವಾದಕ ಸಡಾವೊ ವತಾನಬೆ ಜೊತೆ 1967ರಲ್ಲಿ ಟಾಕ್ಟ್ ಲೇಬಲ್‌ಗೆ ನುಡಿಸಿದ್ದಾನೆ. ಅದೇ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿ, ಆರ್. ಎ. ರಮಾಮಣಿಯವರ ಗಾಯನದೊಂದಿಗೆ 'ಜ್ಯೋತಿ' ಎಂಬ ಆಲ್ಬಮ್ ಮಾಡಿದ. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ಹೊರತಂದಿತು, ಸಂಖ್ಯೆ 1256. ಟಿ. ಎ. ಎಸ್. ಮಣಿಯವರ ಮೃದಂಗದ ಮೇಲೆ ಸ್ಯಾಕ್ಸಫೋನ್ ತೇಲುವ ಈ ರೆಕಾರ್ಡನ್ನು ಕೆಲವರು ಮರಿಯಾನೋ ಹೆಸರಲ್ಲಿ, ಕೆಲವರು ಇಸಿಎಂ ಎಂಬ ಪ್ರತ್ಯೇಕ ಸಾಲಿನಲ್ಲಿ, ಕೆಲವರು 'ಜಗತ್ತಿನ ಸಂಗೀತ'ದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಕೊನೆಯದರಲ್ಲಿ ಇದ್ದರೆ ಬೆಲೆ ಅತಿ ಕಡಿಮೆ, ಏಕೆಂದರೆ ಜಾಝ್ ಗಿರಾಕಿಗಳು ಅತ್ತ ಸುಳಿಯುವುದಿಲ್ಲ. ಬೆಂಗಳೂರಿನ ಸಂಗೀತಗಾರರ ಈ ಕೆಲಸ ನಮ್ಮೂರ ಕಪಾಟುಗಳಲ್ಲಿ ಇರಲೇಬೇಕು.

ಭಾನುವಾರ, ಊರಂಚಿನ ಹಾರ್ಡ್‌ಆಫ್

ಹಾರ್ಡ್‌ಆಫ್ ಎಂಬುದು ಹಳೆ ಎಲೆಕ್ಟ್ರಾನಿಕ್ಸ್ ಮಾರುವ ಸರಪಳಿ ಅಂಗಡಿ. ಹಾಚಿಯೋಜಿಯಂಥ ಊರಂಚಿನ ಮಳಿಗೆಗಳು ವಿಶಾಲ. ಜಂಕ್ ಎಂದು ಬರೆದ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಬುಟ್ಟಿಗಳ ತುಂಬ ರೆಕಾರ್ಡು, 110 ಯೆನ್ನಿನಿಂದ ಶುರು. ದರ್ಜೆ ಇಲ್ಲ, ವಾಪಸ್ ಇಲ್ಲ. ನೂರು ರೆಕಾರ್ಡು ತಿರುವಿದರೆ ಬಹುಪಾಲು ಜಪಾನೀ ಸಿನಿಮಾ ಹಾಡು, ಎಂಕಾ ಎಂಬ ಹಳೆ ಧಾಟಿಯ ಜಪಾನೀ ಹಾಡು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೆಟ್ಟಿಗೆಗಳೇ. ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರವಿದ್ದದ್ದನ್ನಷ್ಟೇ ಎಳೆದು ನೋಡುತ್ತ ಹೋದರೆ ಬೇಗ ಮುಗಿಯುತ್ತದೆ. ಸಿಬಿಎಸ್/ಸೋನಿಯ 1970-80ರ ದಶಕದ ಮೈಲ್ಸ್ ಡೇವಿಸ್, ಪಿಯಾನೋ ವಾದಕರಾದ ಥೆಲೋನಿಯಸ್ ಮಂಕ್, ಡೇವ್ ಬ್ರೂಬೆಕ್ ಪ್ರತಿಗಳು ಸಿಗುವ ಜಾಗ ಇದು. 'ಎಸ್‌ಒಪಿಎಲ್', '20ಎಪಿ', '23ಎಪಿ' ಎಂಬ ಸಂಖ್ಯೆಗಳು ಕಣ್ಣಿಗೆ ಬೀಳಬೇಕು. ಟಾರ್ಚು, ಒದ್ದೆ ಟಿಶ್ಯೂ, ತೆಳು ಕೈಚೀಲ ತೆಗೆದುಕೊಂಡು ಹೋಗಿ. ಬೂಷ್ಟು ಬಿಳಿ ಚುಕ್ಕೆಗಳಾಗಿ ಮೇಲಷ್ಟೇ ಇದ್ದರೆ ತೊಳೆದರೆ ಹೋಗುತ್ತದೆ. ಬಾಗಿದ್ದರೆ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಇಡೀ ತಟ್ಟೆ ಬಟ್ಟಲಿನಂತೆ ನಿಧಾನ ಬಾಗಿದ್ದರೆ ನುಡಿಸಬಹುದು. ಅಂಚಿನಲ್ಲಿ ಒಂದೇ ಕಡೆ ಚೂಪಾಗಿ ಎದ್ದಿದ್ದರೆ ಸೂಜಿ ಜಿಗಿಯುತ್ತದೆ.

ಸೋಮವಾರ, ಆಕಿಹಬಾರಾ ಮತ್ತು ಕಟ್ಟುವ ಕೆಲಸ

ಆಕಿಹಬಾರಾ ಟೋಕಿಯೋದ ಎಲೆಕ್ಟ್ರಾನಿಕ್ಸ್ ಪೇಟೆ, ಪ್ಲೇಯರ್‌ನ ಬಿಡಿಭಾಗ ನೋಡಲು ಹೋಗಬೇಕಾದ್ದು ಅಲ್ಲಿಗೆ. ಸ್ಟೀರಿಯೋ ಅಲ್ಲದ, ಒಂದೇ ವಾಹಿನಿಯ ಹಳೆ ಮೋನೋ ರೆಕಾರ್ಡಿಗೆ ಮೋನೋ ಕಾರ್ಟ್ರಿಜ್ (ಸೂಜಿ ಕೂರಿಸಿದ ತುದಿಯ ಭಾಗ) ಹಾಕಿದರೆ ಚಟಪಟ ಸದ್ದು ಎದ್ದು ಕಾಣುವಂತೆ ಇಳಿಯುತ್ತದೆ. ಮೋನೋ ಧ್ವನಿ ಗೆರೆಯಲ್ಲಿ ಅಡ್ಡ ಚಲನೆಯಾಗಿ ಮಾತ್ರ ಇರುತ್ತದೆ, ಧೂಳು ಗೀರುಗಳು ಸೂಜಿಯನ್ನು ಮೇಲೆ ಕೆಳಗೂ ಕುಣಿಸುತ್ತವೆ. ಮೋನೋ ಕಾರ್ಟ್ರಿಜ್ ಆ ಮೇಲೆ ಕೆಳಗಿನ ಚಲನೆಯನ್ನು ಸದ್ದಾಗಿಸುವುದಿಲ್ಲ. ಡೆನಾನ್‌ನ ಡಿಎಲ್-102 ಈ ಕೆಲಸಕ್ಕೆ ಗಟ್ಟಿ, ಸೂಜಿಯ ಭಾರ 3 ಗ್ರಾಂ. ಹಗುರ ಟೋನ್ ಆರ್ಮ್ (ಕಾರ್ಟ್ರಿಜ್ ಹೊರುವ ತೋಳು) ಇರುವ ಪ್ಲೇಯರ್‌ಗೆ ಹೊಂದುವುದಿಲ್ಲ. ಹಳೆ ಪ್ಲೇಯರ್ ಕೊಳ್ಳುವ ಆಸೆಯಿದ್ದರೆ ನೆನಪಿಡಿ, ಅಲ್ಲಿ 100 ವೋಲ್ಟ್. ಮನೆಯಲ್ಲಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಟೋಕಿಯೋ ಕಡೆ ನಮ್ಮಂತೆಯೇ 50 ಹರ್ಟ್ಜ್, ಒಸಾಕಾ ಕಡೆ 60. ಆ ಕಡೆಯ 60 ಹರ್ಟ್ಜ್ ಪುಲ್ಲಿ ಹಾಕಿದ ಎಸಿ ಮೋಟಾರಿನ ಪ್ಲೇಯರ್ ನಮ್ಮಲ್ಲಿ ಆರನೇ ಒಂದು ಭಾಗ ನಿಧಾನ ಓಡುತ್ತದೆ, ಪುಲ್ಲಿ ಬದಲಿಸಬೇಕು. ನಾಗಾವೋಕಾ 102 ಒಳಚೀಲಗಳು 50ರ ಕಟ್ಟಿನಲ್ಲಿ ಸಿಗುತ್ತವೆ. ಎರಡು ಕಟ್ಟು ತಂದರೆ ಪಶ್ಚಾತ್ತಾಪವಿಲ್ಲ.

ಕಟ್ಟುವಾಗ ಮೊದಲು ಮಾಡಬೇಕಾದ್ದು ತಟ್ಟೆಯನ್ನು ಒಳಚೀಲದ ಸಮೇತ ಕವರಿನಿಂದ ಹೊರತೆಗೆದು, ಅದೇ ಹೊರಚೀಲದೊಳಗೆ ಕವರಿನ ಹಿಂದೆ ಇಡುವುದು. ಹಾಗೆ ಮಾಡದಿದ್ದರೆ ಪೆಟ್ಟಿಗೆ ಎತ್ತಿ ಒಗೆದಾಗ ತಟ್ಟೆಯ ಅಂಚು ಒಳಗಿನಿಂದ ಕವರಿನ ಹೊಲಿಗೆಯನ್ನು ಸೀಳುತ್ತದೆ. ಹತ್ತು ಹತ್ತು ರೆಕಾರ್ಡುಗಳಿಗೆ ಎರಡೂ ಕಡೆ ದಪ್ಪ ರಟ್ಟು ಕೊಟ್ಟು ಬಿಗಿಯಾಗಿ ಕಟ್ಟಿ, ಚಕ್ರದ ಕಡೆಗೆ ನಿಲ್ಲಿಸಿ, ಸುತ್ತ ಬಟ್ಟೆ ತುರುಕಿ. ಅಲುಗಾಡಲು ಜಾಗ ಇರಬಾರದು.

ತೂಕದ ಲೆಕ್ಕ: ಕವರ್ ಸಮೇತ ಒಂದು ಎಲ್‌ಪಿ ಸುಮಾರು 250ರಿಂದ 280 ಗ್ರಾಂ. 23 ಕಿಲೋ ಮಿತಿಯ ಪೆಟ್ಟಿಗೆಯಲ್ಲಿ ಪೆಟ್ಟಿಗೆಯದೇ 4 ಕಿಲೋ ಕಳೆದರೆ 65-70 ರೆಕಾರ್ಡು ಹಿಡಿಯುತ್ತದೆ. ಕವರ್ 31.5 ಸೆಂ.ಮೀ. ಚೌಕ, ಹಾಗಾಗಿ 40 ಸೆಂ.ಮೀ. ಅಗಲದ ಕ್ಯಾಬಿನ್ ಚೀಲಕ್ಕೂ ಸೇರುತ್ತದೆ. ದುಬಾರಿಯದ್ದು ಕೈಯಲ್ಲೇ ಇರಲಿ. ಎಕ್ಸ್‌ರೇಯಿಂದ ರೆಕಾರ್ಡಿಗೆ ಏನೂ ಆಗುವುದಿಲ್ಲ.

ಮಂಗಳವಾರ, ವಾಪಸ್

ಬಿಲ್‌ಗಳನ್ನು ಒಂದೇ ಕವರಿನಲ್ಲಿಟ್ಟುಕೊಳ್ಳಿ, ಕಸ್ಟಮ್ಸ್‌ನವರು ಕೇಳಿದರೆ ತೋರಿಸಬೇಕು. ದೇವನಹಳ್ಳಿಯಿಂದ ಮನೆಗೆ ಬರುವಾಗ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ರೆಕಾರ್ಡು ಬಿಟ್ಟು ಊಟಕ್ಕೆ ಇಳಿಯಬಾರದು. 60 ಡಿಗ್ರಿ ದಾಟಿದರೆ ವಿನೈಲ್ ಮೆತ್ತಗಾಗಿ ಬಾಗುತ್ತದೆ.

ಮನೆಗೆ ಬಂದ ಮೇಲೆ ಒಂದು ಇಡೀ ದಿನ ಕಟ್ಟು ಬಿಚ್ಚದೆ ಕೋಣೆಯ ಹವೆಗೆ ಹೊಂದಿಕೊಳ್ಳಲು ಬಿಡಿ. ಆಮೇಲೆ ತೊಳೆತ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಬಣ್ಣ, ವಾಸನೆ ಇಲ್ಲದ ಸೌಮ್ಯ ದ್ರವ ಸಾಬೂನು ಎರಡು ಮೂರು ಹನಿ. ಮೆತ್ತನೆಯ ಬ್ರಷ್‌ನಲ್ಲಿ ಗೆರೆಯ ದಿಕ್ಕಿನಲ್ಲೇ ಉಜ್ಜಬೇಕು, ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಸಲ ತೊಳೆದು ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಸಾಬೂನು ಉಳಿದರೆ ಅದೇ ಒಣಗಿ ಹೊಸ ಸದ್ದಾಗುತ್ತದೆ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ, ಸುಣ್ಣದಂಶ ಗೆರೆಯಲ್ಲಿ ಕೂರುತ್ತದೆ. ಬೂಷ್ಟು ಇದ್ದದ್ದನ್ನು ಮೊದಲು ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಣ ಬ್ರಷ್‌ನಲ್ಲಿ ಕೊಡವಿ, ಹಳೆ ಒಳಚೀಲ ಎಸೆದುಬಿಡಿ. ಅರಗಿನ 78ರ ತಟ್ಟೆಗೆ ಆಲ್ಕೋಹಾಲ್ ಇರುವ ಯಾವ ದ್ರಾವಣವೂ ತಾಗಬಾರದು, ಅರಗು ಕರಗುತ್ತದೆ.

ಕರಾವಳಿಯವರು, ಮಲೆನಾಡಿನವರು ಜೂನ್‌ಗೆ ಮುಂಚೆಯೇ ರೆಕಾರ್ಡುಗಳನ್ನು ಹೊರಗೋಡೆಗೆ ತಾಗದ ಕಪಾಟಿಗೆ ಬದಲಿಸಬೇಕು. ನೆಟ್ಟಗೆ ನಿಲ್ಲಿಸಿ, ತುಂಬ ಒತ್ತಾಗಿಯೂ ಬೇಡ, ವಾಲುವಷ್ಟು ಸಡಿಲವೂ ಬೇಡ. ಜಪಾನಿನಿಂದ ಬಂದ ಹೊರಚೀಲ ಮೆತ್ತನೆಯ ಪಿವಿಸಿಯದಾಗಿದ್ದರೆ ಪಾಲಿಪ್ರೊಪಿಲೀನ್‌ ಚೀಲಕ್ಕೆ ಬದಲಿಸಿ. ಅದರ ಬಾಯಿ ಮಳೆಗಾಲದಲ್ಲಿ ಅಂಟಿಸದೆ ತೆರೆದೇ ಇರಲಿ, ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಕಪಾಟಿನ ಮೂಲೆಗಳಲ್ಲಿಟ್ಟು, ತಿಂಗಳಿಗೊಮ್ಮೆ ಬಿಸಿಮಾಡಿ ಒಣಗಿಸಿ ಮತ್ತೆ ಇಡಿ.